ಸಹವಾಸ ದೋಷ ಅಂತ ಟಿಸಿ ಕೊಟ್ಟಿರಲ್ಲ, ಯಾರ ಸಹವಾಸ ಸ್ವಾಮಿ?



ಇದು ಉದ್ದದ ಪೋಸ್ಟು. ಅರ್ಧ ಓದಿ ಬೈಯೋರು ದಯವಿಟ್ಟು ಪೂರ್ತಿ ಓದಿ ಬೈಯಿರಿ. ಯಾಕಂದ್ರೆ ಮೊದಲರ್ಧ ಊರಿನೋರಿಗೆ, ಉಳಿದರ್ಧ ನಮ್ಮ ಕೇರಿಯೋರಿಗೆ.

ಕಳೆದ ವಾರ ನಮ್ಮ ಪಕ್ಕದೂರಿನ ಶಾಲೆಯಿಂದ ಏಳನೇ ಕ್ಲಾಸಿನ ಹುಡುಗನೊಬ್ಬನಿಗೆ ಟಿಸಿ ಕೊಟ್ಟು ಮನೆಗೆ ಕಳಿಸಿದ್ದಾರೆ. ಹದಿಮೂರು ವರ್ಷ. ಊರ ಹೆಸರು, ಶಾಲೆ ಹೆಸರು, ಹುಡುಗನ ಹೆಸರು ಯಾವುದನ್ನೂ ಇಲ್ಲಿ ಹಾಕಲ್ಲ, ಕಾಮೆಂಟಲ್ಲಿ ಕೇಳಬೇಡಿ. ಆ ಮಗು ಮತ್ತೆ ಅದೇ ಶಾಲೆಯಲ್ಲಿ ಕೂತು ಓದಬೇಕು, ಅದಕ್ಕೆ.

ನಡೆದದ್ದು ಇಷ್ಟು. ಶಾಲೆ ಹಿಂದಗಡೆ ಪಾಳು ಬಿದ್ದ ಪಂಪ್‌ಹೌಸ್ ಇದೆ. ಮಧ್ಯಾಹ್ನ ಬಿಸಿಯೂಟ ಆದಮೇಲೆ ಮೂರು ಹುಡುಗರು ಅಲ್ಲಿ ಕೂತು 90 ಎಂಎಲ್ ವಿಸ್ಕಿ ಟೆಟ್ರಾ ಪ್ಯಾಕು ಹಂಚ್ಕೊಂಡು ಕುಡೀತಾ ಸಿಕ್ಕಿಬಿದ್ರು. ಇಬ್ಬರು ಊರಿನೋರು, ಒಬ್ಬ ನಮ್ಮೋನು. ಅವತ್ತೇ ಸಂಜೆ ಊರಿನ ಹುಡುಗರ ಅಪ್ಪಂದಿರು ಬೈಕಲ್ಲಿ ಬಂದ್ರು, ಹೆಡ್ಮೇಷ್ಟ್ರ ಮುಂದೆ ಮಕ್ಕಳಿಗೆ ನಾಲ್ಕು ಬಿಟ್ರು, 'ವಯಸ್ಸು ಹಂಗಿದೆ ಸಾರ್, ಹುಡುಗಾಟ, ಬುದ್ಧಿ ಹೇಳ್ತೀವಿ' ಅಂದ್ರು, ಹೋದ್ರು. ನಮ್ಮ ಹುಡುಗನ ಅಪ್ಪ ಮೈಸೂರಲ್ಲಿ ಚರಂಡಿ ಕೆಲಸದಲ್ಲಿದ್ದ. ಅವ್ವ ಶುಂಠಿ ಕೀಳೋಕೆ ಹೋಗಿದ್ಲು. ಯಾರೂ ಬರಲಿಲ್ಲ. ಮಾರನೇ ದಿನ ಟಿಸಿ.

ನಾನು ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು: 'ಅವರಪ್ಪನೇ ಕುಡುಕ, ಮನೆ ವಾತಾವರಣವೇ ಸರಿ ಇಲ್ಲ. ಸಹವಾಸ ದೋಷ ಕಣ್ರೀ. ಇವನನ್ನ ಇಟ್ಕೊಂಡ್ರೆ ಬೇರೆ ಮಕ್ಕಳೂ ಹಾಳಾಗ್ತಾರೆ.'

ಬೇರೆ ಮಕ್ಕಳು! ಆ ಪ್ಯಾಕು ತಂದೋನು ಯಾರು ಅಂತ ಯಾರಾದ್ರೂ ಕೇಳಿದ್ರಾ? ಊರಿನ ಹುಡುಗರಲ್ಲೊಬ್ಬ ಅವರ ಚಿಕ್ಕಪ್ಪನ ಪೆಟ್ಟಿಗೆ ಅಂಗಡಿಯಿಂದ ಎತ್ಕೊಂಡು ಬಂದಿದ್ದ. ಬೀಡಿ, ಬಿಸ್ಕತ್ತು ಮಾರೋ ಆ ಅಂಗಡಿಗೆ ಮದ್ಯ ಮಾರೋ ಲೈಸೆನ್ಸು ಯಾವ ಜನ್ಮದಲ್ಲೂ ಇರಲಿಲ್ಲ. ಹಂಗಾದ್ರೆ ಇಲ್ಲಿ ಯಾರ ಸಹವಾಸದಿಂದ ಯಾರು ಕೆಟ್ಟದ್ದು?

ಮೊದಲು ಕಾನೂನು ಹೇಳಿಬಿಡ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯೋವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕೋ ಹಂಗಿಲ್ಲ. ಕುಡಿದ ಮಗುವನ್ನ ಹಾಕಬಹುದು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಇನ್ನು 2015ರ ಬಾಲನ್ಯಾಯ ಕಾಯ್ದೆ, ಸೆಕ್ಷನ್ 77: ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಅಂದ್ರೆ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥ ಕೊಟ್ಟೋನು, ಮಗು ಅಲ್ಲ. ನಮ್ಮಲ್ಲಿ ಮಗು ಬೀದಿಗೆ ಬಿತ್ತು, ಅಂಗಡಿ ಇವತ್ತೂ ತೆಗೆದಿದೆ. ಬೆಳಿಗ್ಗೆ ನಾನೇ ನೋಡ್ಕೊಂಡು ಬಂದೆ.

ಈಗ ವಿಷಯಕ್ಕೆ ಬರೋಣ. 'ಅಪ್ಪ ಕುಡಿದ್ರೆ ಮಗ ಕುಡೀತಾನೆ, ಸ್ನೇಹಿತರು ಸೇದಿದ್ರೆ ಇವನೂ ಸೇದ್ತಾನೆ.' ಇದು ಸುಳ್ಳಾ? ಸುಳ್ಳಲ್ಲ. ನಾನು ಸುಳ್ಳು ಅಂತ ವಾದ ಮಾಡೋಕೆ ಬಂದಿಲ್ಲ. ಮನೇಲಿ ನೋಡಿದ್ದು, ಜೊತೆಗಾರರಿಂದ ಕಲಿತದ್ದು, ಈ ಎರಡರ ಬಲ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಮೇಲೆ ಎಷ್ಟಿರುತ್ತೆ ಅಂತ ನನ್ನ ಮೈಗೆ ಗೊತ್ತು. ಆದರೆ ಆ ಮಾತನ್ನ ಅಪ್ಪನ ಹತ್ರ ತಂದು ನಿಲ್ಲಿಸಿಬಿಡ್ತೀರಲ್ಲ, ನನ್ನ ಜಗಳ ಅಲ್ಲಿ. ಅಪ್ಪನಿಗೆ ಕುಡಿಸಿದೋರು ಯಾರು ಅಂತ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕೇಳೋಕೆ ನಿಮಗೆ ಏನು ಕಷ್ಟ?

ನನ್ನ ಕತೆ ಹೇಳ್ತೀನಿ.

ನಮ್ಮಪ್ಪ ತಮಟೆ ಬಡೀತಿದ್ದ. ಊರಲ್ಲಿ ಯಾರು ಸತ್ತರೂ ನಸುಕಿಗೇ ಕೇರಿಗೆ ಆಳು ಬರೋದು. ತೆಂಗಿನ ಗರಿ ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸೋದು ನನ್ನ ಕೆಲಸ. ನನಗೆ ಹನ್ನೊಂದು ವರ್ಷ ಇದ್ದಾಗ ಊರಿನ ದೊಡ್ಡ ಮನೆ ಯಜಮಾನ ತೀರಿಕೊಂಡ. ನೆಂಟರು ಬೆಂಗಳೂರಿಂದ ಬರಬೇಕು, ಹೆಣ ಎತ್ತೋದು ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಏಳರಿಂದ ಬಡೀಬೇಕು. ಸಾವಿನ ಮನೇಲಿ ಒಲೆ ಹಚ್ಚಲ್ಲ, ಹಂಗಾಗಿ ಊಟ ಇಲ್ಲ. ಆದರೆ ಸಾರಾಯಿ ಬಂತು. ಆಗ ಪ್ಲಾಸ್ಟಿಕ್ ಪಾಕೀಟಲ್ಲಿ ಬರೋದು, ಮೂಲೆ ಹಲ್ಲಲ್ಲಿ ಕಚ್ಚಿ ಹರೀಬೇಕು. ಹಸಿದ ಹೊಟ್ಟೆಗೆ ಒಂದಾದ ಮೇಲೊಂದು. ನಾನು ಅಪ್ಪನ ಪಕ್ಕ ಚಿಕ್ಕ ತಮಟೆ ಹಿಡ್ಕೊಂಡು ನಿಂತಿದ್ದೆ. ಕೈ ಸೋತಿತ್ತು. ಆ ಮನೆ ಹಿರಿಮಗ ಜಗಲಿ ಮೇಲಿಂದ ಹೇಳಿದ: 'ಲೇ, ನಿನ್ ಮಗೀಗೂ ಒಂದ್ ಗುಟುಕು ಕುಡ್ಸಲೇ, ಕೈ ಚೆನ್ನಾಗಿ ಓಡುತ್ತೆ.'

ಸುತ್ತ ಇದ್ದೋರು ನಕ್ಕರು. ಅಪ್ಪನೂ ನಕ್ಕ. ಬೇಡ ಅನ್ನಲಿಲ್ಲ. ಆ ಜಗಲಿ ಕಡೆ ತಲೆಯೆತ್ತಿ ಬೇಡ ಅನ್ನೋದನ್ನ ಅವನಿಗೆ ಯಾರೂ ಕಲಿಸಿರಲಿಲ್ಲ. ಪಾಕೀಟಿನ ಮೂಲೆ ನನ್ನ ಬಾಯಿಗೆ ಇಟ್ಟ. ಗಂಟಲು ಸುಟ್ಟುಹೋಯ್ತು, ಕಣ್ಣಲ್ಲಿ ನೀರು. ಆಮೇಲೆ ಕೈ ನಿಜಕ್ಕೂ ಓಡಿತು. ಅದನ್ನೂ ಹೇಳಬೇಕಲ್ಲ. ಸಂಜೆ ಕೂಲಿ ಅಂತ ಸಿಕ್ಕಿದ್ದು ಒಂದಿಷ್ಟು ಅಕ್ಕಿ, ಮತ್ತೆರಡು ಪಾಕೀಟು.

ಆ ಒಂದು ಗುಟುಕಲ್ಲಿ ನಮ್ಮಪ್ಪನ ಪಾಲು ಎಷ್ಟು, ಜಗಲಿಯ ಪಾಲು ಎಷ್ಟು? ಮನೆ ವಾತಾವರಣ ಅಂತೀರಲ್ಲ ಮೇಷ್ಟ್ರೇ, ಯಾವ ಮನೆಯ ವಾತಾವರಣ ಅದು?

ಅಪ್ಪ ನಲವತ್ತೇಳಕ್ಕೆ ಲಿವರ್ ಹೋಗಿ ಸತ್ತ. ನಾನು ಇಪ್ಪತ್ನಾಲ್ಕಕ್ಕೆ ಬಿಟ್ಟೆ. ಹೇಗೆ ಬಿಟ್ಟೆ ಅನ್ನೋದು ಬೇರೆ ಪೋಸ್ಟಿನ ವಿಷಯ.

'ಅದೆಲ್ಲ ಹಳೇ ಕಾಲ ಅಣ್ಣ' ಅಂತ ನಮ್ಮ ಹುಡುಗರೇ ಹೇಳ್ತಾರೆ. ಈಗ ತಮಟೆಗೆ ಕಲಾ ತಂಡ ಅಂತ ಹೆಸರು ಬಂದಿದೆ, ಯೂನಿಫಾರಂ ಬಂದಿದೆ, ಅಡ್ವಾನ್ಸು ಫೋನ್ ಪೇ ಮಾಡ್ತಾರೆ. ಸರಿ. ಆದರೆ ಕರೆಯೋಕೆ ಬಂದೋನು ಇವತ್ತೂ 'ದುಡ್ಡು ಇಷ್ಟು, ಮೇಲೆ ಕ್ವಾರ್ಟರ್ ನೋಡ್ಕೋತೀವಿ' ಅಂತಾನಾ ಇಲ್ವಾ? ಎದೆ ಮುಟ್ಕೊಂಡು ಹೇಳಿ. ನಾದಸ್ವರದೋರಿಗೆ ಯಾರೂ ಕ್ವಾರ್ಟರ್ ಲೆಕ್ಕ ಹೇಳಲ್ಲ. ಪುರೋಹಿತರಿಗೆ ದಕ್ಷಿಣೆ ಜೊತೆ ನೈಂಟಿ ಇಡಲ್ಲ. ನಮಗೆ ಮಾತ್ರ ಕೂಲಿಯ ಒಂದು ಭಾಗ ಯಾವಾಗಲೂ ಬಾಟಲಿಯಲ್ಲಿ ಬರುತ್ತೆ. ಗುಂಡಿ ತೋಡೋಕೂ ಅಷ್ಟೇ, ಸತ್ತ ದನ ಎಳೆಯೋಕೂ ಅಷ್ಟೇ.

ಆ ಟಿಸಿ ಸಿಕ್ಕ ಹುಡುಗನ ಅಪ್ಪನ ಹತ್ರ ಮೊನ್ನೆ ಮಾತಾಡಿದೆ. ಮ್ಯಾನ್‌ಹೋಲಿಗೆ ಇಳಿಯೋ ಕೆಲಸ. ಮನುಷ್ಯರನ್ನ ಹಾಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಗುತ್ತಿಗೆದಾರ ಇಳಿಸ್ತಾನೆ, ಇಳಿಯೋ ಮುಂಚೆ ಕುಡಿಯೋಕೆ ದುಡ್ಡೂ ಅವನೇ ಕೊಡ್ತಾನೆ. 'ಕುಡೀದೆ ಇಳಿಯೋಕಾಗಲ್ಲ ಕಣಣ್ಣ, ವಾಸ್ನೆಗೆ ಕರುಳು ಕಿತ್ತು ಬರ್ತದೆ' ಅಂದ. ಆಮೇಲೆ ಸುಮ್ಮನೆ ಕೂತಿದ್ದು 'ನನ್ ನೋಡೇ ಅವ್ನು ಕಲ್ತಿದ್ದಾ?' ಅಂತ ಕೇಳಿದ. ನಾನು ಏನು ಹೇಳಲಿ? ಇಲ್ಲ ಅಂದ್ರೆ ಸುಳ್ಳು. ಹೌದು ಅಂದ್ರೆ ಪೂರ್ತಿ ನಿಜ ಅಲ್ಲ.

ಇನ್ನು ಸರ್ಕಾರ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಮ್ಮವ್ವಂದಿರು ಬೀದೀಲಿ ನಿಂತು ಕಣ್ಣೀರು ಹಾಕಿ ಖುಷಿಪಟ್ಟಿದ್ದು ನೆನಪಿದೆ. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಆಮೇಲೆ ಟೆಟ್ರಾ ಪ್ಯಾಕು ಬಂತು. ಮಕ್ಕಳು ಮಾವಿನ ಹಣ್ಣಿನ ಜ್ಯೂಸು ಕುಡಿಯೋ ಪ್ಯಾಕಿಗೂ ಇದಕ್ಕೂ ಆಕಾರದಲ್ಲಿ ಏನು ವ್ಯತ್ಯಾಸ ಇದೆ ಹೇಳಿ? ಚಡ್ಡಿ ಜೇಬಲ್ಲಿ ಇಟ್ಕೊಂಡ್ರೆ ಸದ್ದಿಲ್ಲ, ಬಿದ್ರೆ ಒಡೆಯಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಬರಬೇಕು ಅಂತ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ! ಪರೀಕ್ಷೆಯಲ್ಲಿ ಪಾಸಾಗೋಕೆ ಇಡ್ತಾರಲ್ಲ, ಹಂಗೆ. ಸಂವಿಧಾನದ 47ನೇ ವಿಧಿ ಮದ್ಯ ಮತ್ತು ಮಾದಕ ವಸ್ತುಗಳ ಸೇವನೆ ನಿಲ್ಲಿಸೋಕೆ ಸರ್ಕಾರ ಪ್ರಯತ್ನ ಮಾಡಬೇಕು ಅನ್ನುತ್ತೆ. ಆದರೆ ನಮ್ಮ ಸರ್ಕಾರದ್ದೇ ಸಂಸ್ಥೆ ಎಂಎಸ್‌ಐಎಲ್ ಮಕ್ಕಳಿಗೆ ಲೇಖಕ್ ನೋಟ್‌ಬುಕ್ಕೂ ಮಾರುತ್ತೆ, ಅಪ್ಪಂದಿರಿಗೆ ಮದ್ಯವನ್ನೂ ಮಾರುತ್ತೆ. ಜೋಕಲ್ಲ, ನಿಜ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಕಾಲು ಬೊಬ್ಬೆ ಎದ್ದವು. ಆಮೇಲೂ ಗುರಿ ಏರುತ್ತಲೇ ಇದೆ.

ಎಂಬತ್ತರ ದಶಕದಲ್ಲೇ ದಲಿತ ಸಂಘರ್ಷ ಸಮಿತಿಯೋರು 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ಕೂಗಿದ್ರು. ಎರಡನ್ನೂ ಒಂದೇ ಉಸಿರಲ್ಲಿ ಯಾಕೆ ಕೂಗಿದ್ರು ಅಂತ ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು. ಮಗು ಸಂಜೆ ನಾಲ್ಕರಿಂದ ರಾತ್ರಿ ಎಂಟರವರೆಗೆ ಎಲ್ಲಿರುತ್ತೆ ಅನ್ನೋದೇ ಪ್ರಶ್ನೆ.

ಊರಲ್ಲಿ ಅಜ್ಜಿ ಜಗಲೀಲಿ ಕೂತಿರ್ತಾಳೆ. ಹುಡುಗ ಗೇಟು ದಾಟಿದ್ರೆ 'ಎಲ್ಲಿಗೋ, ಯಾರ ಜೊತೆ?' ಅಂತಾಳೆ. ಟ್ಯೂಷನ್ ಮೇಷ್ಟ್ರು ಫೋನ್ ಮಾಡ್ತಾರೆ. ಮಗು ಎಲ್ಲಿದೆ, ಯಾರ ಜೊತೆ ಇದೆ ಅಂತ ದೊಡ್ಡೋರಿಗೆ ಗೊತ್ತಿರೋ ಮನೆಯಲ್ಲಿ ಈ ಚಟಗಳು ಕಮ್ಮಿ ಅಂತ ಮಕ್ಕಳ ಬಗ್ಗೆ ಓದ್ಕೊಂಡೋರು ಹೇಳ್ತಾರೆ. ಒಪ್ಪಿದೆ. ಆದರೆ ನಮ್ಮ ಅವ್ವಂದಿರು ಬೆಳಿಗ್ಗೆ ಐದೂವರೆಗೆ ಗೂಡ್ಸ್ ಆಟೋ ಹತ್ತಿ ಶುಂಠಿ ಹೊಲಕ್ಕೆ ಹೋಗಿ ಕತ್ತಲಾದಮೇಲೆ ಬರ್ತಾರೆ. ಆ ಹೊಲ ಯಾರದ್ದು? ಅಜ್ಜಿ ಕೂತಿರೋ ಜಗಲಿಯೋರದ್ದೇ. ಅವರ ಮಗುವನ್ನ ಅವರಜ್ಜಿ ಕಾಯ್ತಾಳೆ, ಅವರ ಶುಂಠೀನ ನಮ್ಮವ್ವ ಕಾಯ್ತಾಳೆ. ನಮ್ಮ ಮಗುವನ್ನ ಪಂಪ್‌ಹೌಸು ಕಾಯುತ್ತೆ.

ಪಂಪ್‌ಹೌಸಿನ ಬಗ್ಗೆ ಸ್ವಲ್ಪ ಹೇಳಬೇಕು. ಸ್ನೇಹಿತರ ಪ್ರಭಾವ ಅಂತ ಸುಲಭಕ್ಕೆ ಹೇಳಿಬಿಡ್ತಾರಲ್ಲ, ಅದು ಒಳಗಡೆ ಹೇಗಿರುತ್ತೆ ಅಂತ ನೋಡಿದೋರು ಕಮ್ಮಿ. ಆ ಹುಡುಗನ್ನ ಕೂರಿಸ್ಕೊಂಡು ಕೇಳಿದೆ, 'ಯಾಕ್ ಮಗ ಅಲ್ಲಿಗೆ ಹೋಗ್ತಿದ್ದೆ?' ತುಂಬ ಹೊತ್ತು ಕಾಲ ಬೆರಳಲ್ಲಿ ನೆಲ ಕೆರೆದ. ಆಮೇಲೆ ಅಂದ: 'ಅಲ್ಲಿ ಎಲ್ರೂ ಒಂದೇ ಸ್ಟ್ರಾದಲ್ಲಿ ಕುಡೀತೀವಿ ಅಣ್ಣ.'

ನನಗೆ ಮಾತು ನಿಂತುಹೋಯ್ತು. ಅದೇ ಊರಿನ ದೇವಸ್ಥಾನದ ಮೆಟ್ಟಿಲು ಈ ಮಗು ಹತ್ತಿಲ್ಲ. ಆ ಗೆಳೆಯರ ಮನೆಗೆ ಹೋದ್ರೆ ಅಂಗಳದಲ್ಲೇ ನಿಲ್ತಾನೆ, ನೀರು ಕೇಳಿದ್ರೆ ಎತ್ತಿ ಹುಯ್ತಾರೆ. ಆದರೆ ಪಂಪ್‌ಹೌಸಿನ ಗೋಡೆ ಹಿಂದೆ ಒಂದೇ ಸ್ಟ್ರಾ ಮೂರು ಬಾಯಿಗೆ ಹೋಗುತ್ತೆ. ಒಂದೇ ಪಾನ್ ಮಸಾಲ ಪಾಕೀಟು ಕೈಯಿಂದ ಕೈಗೆ ಹೋಗುತ್ತೆ, ಯಾರೂ ಮೈಲಿಗೆ ಅನ್ನಲ್ಲ. ಹದಿಮೂರು ವರ್ಷದ ಮಗುವಿಗೆ ಸಮಾನತೆ ಸಿಕ್ಕಿದ ಒಂದೇ ಜಾಗ ಅದು. ಅದನ್ನ ಬಿಡು ಅಂತ ಯಾವ ಬಾಯಲ್ಲಿ ಹೇಳಲಿ? ಹೇಳಿದೆ, ಹೇಳಲೇಬೇಕಿತ್ತು. ಆದರೆ ಬಿಟ್ಟು ಎಲ್ಲಿಗೆ ಬಾ ಅಂತ ಕರೀಲಿ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಸಿಕ್ಕಿಬಿದ್ದ ಗಳಿಗೆಯಲ್ಲೇ ಜಾತಿ ವಾಪಸ್ ಬಂತು ನೋಡಿ. ಇಬ್ಬರು 'ಹುಡುಗಾಟ' ಆದ್ರು, ಒಬ್ಬ 'ಸಹವಾಸ ದೋಷ' ಆದ.

ಶಾಲೆಯಿಂದ ಹೊರಗೆ ಹಾಕಿದ್ರೆ ಸಹವಾಸ ಸರಿಯಾಗುತ್ತಾ? ಶಾಲೆ ಬಿಟ್ಟ ಮಕ್ಕಳ ಗುಂಪು ಟೌನಿನ ಬಸ್‌ಸ್ಟ್ಯಾಂಡ್ ಹಿಂದೆ ಇದೆ, ಹೋಗಿ ನೋಡಿ. ಚಿಂದಿ ಆಯ್ತಾರೆ, ಪಂಚರ್ ಹಾಕೋ ಸೊಲ್ಯೂಷನ್ ಬಟ್ಟೆಗೆ ಹಚ್ಚಿ ಮೂಸ್ತಾರೆ. ಹಸಿವು ಗೊತ್ತಾಗಲ್ಲ, ಚಳಿ ಗೊತ್ತಾಗಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಗೆ ಏಮ್ಸ್ ಡಾಕ್ಟರುಗಳು ಮಾಡಿಕೊಟ್ಟ 2019ರ ವರದಿ ಒಂದಿದೆ. ದೇಶದಲ್ಲಿ ದೊಡ್ಡೋರಿಗಿಂತ ಮಕ್ಕಳೇ ಹೆಚ್ಚು ಬಳಸೋ ನಶೆ ಇದೊಂದೇ, ಈ ಮೂಸೋ ನಶೆ. ದೊಡ್ಡೋರಲ್ಲಿ ನೂರಕ್ಕೆ 0.58, ಮಕ್ಕಳಲ್ಲಿ 1.17. ಸುಮಾರು 4.6 ಲಕ್ಷ ಮಕ್ಕಳಿಗೆ ಇದರಿಂದ ಹೊರಬರೋಕೆ ಸಹಾಯ ಬೇಕು ಅಂತ ಅಂದಾಜು. ಆ ಬಟ್ಟೆ ಮೂಸ್ತಿರೋ ಮಕ್ಕಳು ಯಾವ ಕೇರಿಯಿಂದ ಬಂದೋರು ಅಂತ ನಾನು ಬೇರೆ ಹೇಳಬೇಕಾ? ಟಿಸಿ ಅಂದ್ರೆ ಅಲ್ಲಿಗೆ ಟಿಕೆಟ್ಟು.

ಮೊದಲರ್ಧ ಆಯ್ತು. ಊರಿನ ಫ್ರೆಂಡ್ಸು ಯಾರಾದ್ರೂ ಇಲ್ಲಿವರೆಗೆ ಓದಿದ್ರೆ ಥ್ಯಾಂಕ್ಸ್.

ಈಗ ನಮ್ಮೋರಿಗೆ. ಲೈಕ್ ಒತ್ತಿದೋರು ಸ್ವಲ್ಪ ತಡೀರಿ.

'ಲೇ ಮಗ, ಅಂಗಡಿಗೆ ಹೋಗಿ ಬೀಡಿಕಟ್ಟು ತಗೊಂಬಾ, ಉಳಿದ ಚಿಲ್ಲರೆ ನೀನೇ ಇಟ್ಕೊ.' ಈ ಮಾತು ಹೇಳದ ಅಪ್ಪ ನಮ್ಮ ಕೇರೀಲಿ ಎಷ್ಟು ಜನ ಇದ್ದೀರಿ? ಬೀಡಿ ತರೋದು, ಒಲೇಲಿ ಹಚ್ಕೊಂಡು ಬರೋದು. ಹಚ್ಚೋವಾಗ ಒಂದು ದಂ ಎಳೀದೆ ಬೀಡಿ ಹತ್ತಲ್ಲ. ಅಲ್ಲಿಗೆ ಪಾಠ ಮುಗೀತು. ಅಜ್ಜಿಗೆ ಕಡ್ಡಿಪುಡಿ, ಅವ್ವನಿಗೆ ಎಲೆಅಡಿಕೆ ಹೊಗೆಸೊಪ್ಪು, ಹಲ್ಲುನೋವು ಅಂತ ಅತ್ತ ಮಗುವಿನ ದವಡೆಗೂ ಚೂರು ಹೊಗೆಸೊಪ್ಪು. 2019ರಲ್ಲಿ ದೇಶದಾದ್ಯಂತ ಶಾಲಾ ಮಕ್ಕಳ ತಂಬಾಕು ಸಮೀಕ್ಷೆ ಮಾಡಿದ್ರು. 13ರಿಂದ 15 ವರ್ಷದೋರಲ್ಲಿ ನೂರಕ್ಕೆ 8.5 ಮಕ್ಕಳು ಯಾವುದೋ ಒಂದು ತಂಬಾಕು ಬಳಸ್ತಿದ್ರು. ಜಗಿಯೋ ತಂಬಾಕು ಶುರು ಮಾಡೋ ವಯಸ್ಸು ಹತ್ತರ ಹತ್ರ. ಹತ್ತು! ನಾಲ್ಕನೇ ಕ್ಲಾಸು, ಐದನೇ ಕ್ಲಾಸು.

ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನು ಇದೆ. ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ಬ್ಯಾನ್ ಆಗಿದೆ. ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಒಂದು ಪಾಕೀಟು ಅಂತ ಬಿಡಿಸಿ ಮಾರ್ತಾರೆ, ಮಕ್ಕಳು ಬಾಯಲ್ಲಿ ಸೇರಿಸ್ಕೋತಾರೆ. ಇದಕ್ಕೆ ಸರ್ಕಾರಾನ ಬೈತೀನಿ, ಬೈದಿದ್ದೀನಿ. ಆದರೆ ಆ ಅಂಗಡಿಗೆ ಮಗುವನ್ನ ಮೊದಲ ಸಲ ಕಳಿಸಿದ್ದು ಸರ್ಕಾರ ಅಲ್ಲ, ನಾವು.

ಇನ್ನೊಂದು ಇದೆ. ಇದನ್ನ ಬರೆದ್ರೆ ಸಂಘಟನೆಯಲ್ಲೇ ಕೆಲವರು ಮುಖ ತಿರುಗಿಸ್ತಾರೆ ಅಂತ ಗೊತ್ತು. ಏಪ್ರಿಲ್ 14. ಬಾಬಾಸಾಹೇಬರ ಫೋಟೋ ಟ್ರ್ಯಾಕ್ಟರ್ ಮೇಲೆ, ಮುಂದೆ ಡಿಜೆ, ಡಿಜೆ ಮುಂದೆ ಕುಡಿದು ಕುಣಿಯೋ ನಮ್ಮ ಅಣ್ಣ ತಮ್ಮಂದಿರು, ಅವರ ಕಾಲ ಸಂದೀಲಿ ನೀಲಿ ಶಾಲು ಹಾಕ್ಕೊಂಡ ಹತ್ತು ಹನ್ನೆರಡು ವರ್ಷದ ಮಕ್ಕಳು. ಟ್ರ್ಯಾಕ್ಟರ್ ಹಿಂದೆ ನೀರಿನ ಕ್ಯಾನ್ ಪಕ್ಕ ಬಾಕ್ಸು ಇಟ್ಟಿರ್ತೀರಿ. ಗ್ಲಾಸು ತೊಳೆಯೋಕೆ, ನೀರು ಬೆರೆಸೋಕೆ ಯಾರು? ಅವೇ ಮಕ್ಕಳು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ, ಮಾದಕ ಸೇವಿಸಲ್ಲ ಅನ್ನೋದೂ ಒಂದು. ಅವರ ಹುಟ್ಟಿದ ದಿನವೇ ನಮ್ಮ ಮಗು ಮೊದಲ ಗ್ಲಾಸು ಕಲಿಯುತ್ತೆ ಅಂದ್ರೆ, ಜಗಲಿ ಮೇಲೆ ಕೂತು 'ಮಗೀಗೂ ಒಂದ್ ಗುಟುಕು' ಅಂದೋನಿಗೂ ನಮಗೂ ಏನು ವ್ಯತ್ಯಾಸ? ಜಗಲಿಯೋನಿಗೆ ಕೈ ಓಡೋದು ಬೇಕಿತ್ತು. ನಮಗೆ ಏನು ಬೇಕಾಗಿದೆ?

'ವರ್ಷಕ್ಕೊಂದು ದಿನ ಅಣ್ಣ, ಖುಷಿ ಪಡೋಕೂ ಬಿಡಲ್ವಾ' ಅಂತೀರಿ. ಖುಷಿ ಪಡಿ. ನಾನೂ ಕುಣೀತೀನಿ, ಕುಡೀದೇನೇ ಕುಣೀತೀನಿ, ವಿಡಿಯೋ ಇದೆ.

ಹಂಗಂತ ಯಾರೂ ಇದನ್ನ ಕಟ್ ಮಾಡಿ 'ನೋಡಿ, ದಲಿತ ಮುಖಂಡನೇ ಒಪ್ಪಿಕೊಂಡ' ಅಂತ ಹಾಕೋ ಕೆಲಸ ಮಾಡಬೇಡಿ. ನಮ್ಮ ಕೇರೀಲಿ ಕುಡೀದ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ. ದುಡ್ಡಿರೋರ ಮಕ್ಕಳು ಬೆಂಗಳೂರಲ್ಲಿ ಗಾಂಜಾ ಸೇದಿ ಸಿಕ್ಕಿಬಿದ್ರೆ 'ಓದಿನ ಒತ್ತಡ, ಕೌನ್ಸೆಲಿಂಗ್ ಬೇಕು' ಅಂತೀರಿ. ನಿಜ, ಬೇಕು. ನಮ್ಮ ಮಗುವಿಗೂ ಅದೇ ಬೇಕು. ಅಷ್ಟನ್ನೇ ಕೇಳ್ತಿರೋದು.

ನಮ್ಮ ಕೇರೀಲಿ ಮೊನ್ನೆ ಭಾನುವಾರ ಕೂತು ಎರಡು ಮಾತು ಆಡ್ಕೊಂಡಿದ್ದೀವಿ. ತಮಟೆಗೆ, ಗುಂಡಿಗೆ, ಯಾವ ಕೆಲಸಕ್ಕೆ ಕರೆದ್ರೂ ದುಡ್ಡು ಮಾತ್ರ, ಬಾಟಲಿ ತಗೊಳಲ್ಲ. ಬೀಡಿ, ಎಣ್ಣೆ, ಹೊಗೆಸೊಪ್ಪು ಯಾರಿಗೆ ಬೇಕೋ ಅವರೇ ಎದ್ದು ಹೋಗಿ ತರಬೇಕು. ಹನ್ನೊಂದು ಮನೆಯೋರು ಒಪ್ಪಿದ್ದಾರೆ, ಆರು ಮನೆಯೋರು ನಕ್ಕೊಂಡು ಎದ್ದು ಹೋದ್ರು. ಸಂಜೆ ಹೊತ್ತು ಸಮುದಾಯ ಭವನದ ಬೀಗ ತೆಗೆದು ಮಕ್ಕಳನ್ನ ಕೂರಿಸೋಕೆ ಡಿಗ್ರಿ ಓದ್ತಿರೋ ಇಬ್ಬರು ಹೆಣ್ಣುಮಕ್ಕಳು ಮುಂದೆ ಬಂದಿದ್ದಾರೆ. ಬೀಗದ ಕೀ ಪಂಚಾಯ್ತಿಯಲ್ಲಿದೆ, ಇನ್ನೂ ಕೊಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಇಒ ಆಫೀಸಿಗೆ ಹೋಗ್ತಿದ್ದೀವಿ. ಎರಡೇ ಬೇಡಿಕೆ. ಟಿಸಿ ವಾಪಸ್ ಆಗಬೇಕು, ಆ ಅಂಗಡಿ ಮೇಲೆ ದೂರು ದಾಖಲಾಗಬೇಕು. ಹುಡುಗನ ಅವ್ವ ಒಂದು ದಿನದ ಕೂಲಿ ಬಿಟ್ಟು ಬರ್ತಿದ್ದಾಳೆ. ಅಪ್ಪನಿಗೆ ರಜೆ ಸಿಕ್ಕಿಲ್ಲ.

ಹುಡುಗ ನಿನ್ನೆ ಸಂಜೆ ನಮ್ಮನೆಗೆ ಬಂದಿದ್ದ. ಶಾಲೆ ಇಲ್ಲದಿದ್ರೂ ಬ್ಯಾಗು ಹಾಕ್ಕೊಂಡೇ ಬಂದಿದ್ದ. 'ಅಣ್ಣ, ಶುಕ್ರವಾರ ಗಣಿತದ ಟೆಸ್ಟ್ ಐತೆ, ಅಷ್ಟ್ರಲ್ಲಿ ಆಯ್ತದಾ?' ಅಂತ ಕೇಳಿದ. ನೋಡೋಣ ಮಗ ಅಂದಿದ್ದೀನಿ.

ಬರೋರು ಬನ್ನಿ. ಕುಡಿದು ಬರೋರು ಬರಬೇಡಿ.

ಜೈ ಭೀಮ್.